ನಾದಕ್ಕೆ ಕಾಯ ಯಾವುದು?

ನಾದವು ಕಣ್ಣಿಗೆ ಕಾಣುವ ವಸ್ತುವಲ್ಲ. ಕೈಗೆ ಸಿಕ್ಕುವ ವಸ್ತುವೂ ಅಲ್ಲ. ಆದರೂ ನೆಲೆಯಿಲ್ಲದೆ ಅದು ನಿಲ್ಲದು. ವೀಣೆಗೆ ಹಲಸಿನ ಮರ, ಮೃದಂಗಕ್ಕೆ ಚರ್ಮ, ಕೊಳಲಿಗೆ ಬಿದಿರು, ಹಾಡುವವನಿಗೆ ಕಂಠ, ಹೀಗೆ ಒಂದೊಂದು ನಾದಕ್ಕೂ ಒಂದೊಂದು ಕಾಯವುಂಟು. ಹಿಂದಿನವರಿಗೆ ಇದರಲ್ಲಿ ಸಂದೇಹ ಹುಟ್ಟುವ ಕಾರಣವಿರಲಿಲ್ಲ. ಸಂದೇಹ ಹುಟ್ಟಿದ್ದು ಈ ಕಾಲದಲ್ಲಿ. ಅದೂ ಏಳನೆಯ ತರಗತಿಯ ಬಾಲಕನೊಬ್ಬನ ಬಾಯಲ್ಲಿ.

ಶ್ರೀಮಠದ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಎರಡು ತಂಬೂರಿಗಳುಂಟು. ಒಂದು ಮಿರಜಿನಲ್ಲಿ ಮಾಡಿದ್ದು, ದೊಡ್ಡ ಸೋರೆಬುರುಡೆಯದು, ಕೆಂಪು ಗವಸಣಿಗೆ ತೊಟ್ಟು ಮೂಲೆಗೆ ಒರಗಿದೆ. ಇನ್ನೊಂದು ಅಂಗೈ ಅಗಲದ ಪೆಟ್ಟಿಗೆ. ಗುಂಡಿಯನ್ನು ಅದುಮಿದರೆ ಸಾಕು, ಬೆಳಗಿನ ವಚನಗಾಯನ ಮುಗಿಯುವ ತನಕ ಬೇಸರಿಸದೆ ಶ್ರುತಿ ಹಿಡಿದಿರುತ್ತದೆ. ಸಂಗೀತದ ಗುರುಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಮೊದಮೊದಲು ಪೆಟ್ಟಿಗೆಯನ್ನು ದೂರವಿಟ್ಟಿದ್ದರು. ಬೆರಳಿನ ಗಂಟುಗಳು ನೋಯತೊಡಗಿದ ಮೇಲೆ ಅದನ್ನೇ ಹತ್ತಿರಕ್ಕೆ ಎಳೆದುಕೊಂಡರು. ಒಂದು ಮುಂಜಾನೆ ಗುಂಡಿ ಅದುಮುವ ಪಾಳಿಯ ಬಾಲಕನು ಕೇಳಿದನು: "ಗುರುಗಳೆ, ಈ ಪೆಟಗಿ ಒಳಗ ತಂಬೂರಿ ಬಾರಸವ್ರು ಯಾರ್ರಿ?"

ಉಳಿದ ಮಕ್ಕಳು ನಕ್ಕರು. ಗುರುಗಳು ನಗಲಿಲ್ಲ. "ನನಗೂ ಗೊತ್ತಿಲ್ಲ ತಮ್ಮಾ. ತಿಳಿದವ್ರು ಬಂದಾಗ ಕೇಳೂಣು" ಎಂದರು.

ತಿಳಿದವರು ಬಂದದ್ದು ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ. ಇದೇ ಶಾಲೆಯಲ್ಲಿ ಓದಿ, ಎಂಜಿನಿಯರ್ ಆಗಿ, ಬೆಂಗಳೂರಿನಲ್ಲಿ ಧ್ವನಿಯಂತ್ರಗಳ ಕೆಲಸದಲ್ಲಿ ಇಪ್ಪತ್ತೈದು ವರ್ಷ ಸವೆಸಿದ ಒಬ್ಬರು ಗುರುಗಳ ಪಾದ ಮುಟ್ಟಿ ನಮಸ್ಕರಿಸಿದರು. ಗುರುಗಳು ಆಶೀರ್ವದಿಸಿ, ಬಾಲಕನನ್ನು ಕರೆಸಿ, ಅವನ ಪ್ರಶ್ನೆಯನ್ನು ಅವರ ಮುಂದೆ ಇಟ್ಟರು. ಪ್ರಸಾದವಾದ ಮೇಲೆ ಮಂದಿರದ ಪಡಸಾಲೆಯಲ್ಲಿ ಆರಂಭವಾದ ಉತ್ತರವು ಸಾಯಂಕಾಲದ ಘಂಟಾನಾದದವರೆಗೂ ಬೆಳೆಯಿತು.

"ಬಾರಸವ್ರು ಯಾರೂ ಇಲ್ಲ ತಮ್ಮಾ, ಒಳಗ ಬರೇ ಲೆಕ್ಕ ಐತಿ" ಎಂದು ಎಂಜಿನಿಯರರು ಮೊದಲಿಟ್ಟರು. ನಾದವೆಂದರೆ ಗಾಳಿಯ ಏರಿಳಿತ. ಆ ಏರಿಳಿತವನ್ನು ಸೆಕೆಂಡಿಗೆ ಹಲವು ಸಾವಿರ ಸಲ ಅಳೆದು ಬರೆದಿಟ್ಟರೆ ನಾದವು ಅಂಕೆಗಳ ಸಾಲಾಗುತ್ತದೆ. ಆ ಸಾಲನ್ನೇ ವಿದ್ಯುತ್ತಾಗಿ ಮಾಡಿ ಧ್ವನಿವರ್ಧಕಕ್ಕೆ ಉಣಿಸಿದರೆ ಅಂಕೆಗಳು ಮತ್ತೆ ನಾದವಾಗುತ್ತವೆ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಒಂದು ಸೆಕೆಂಡಿಗೆ ಹೀಗೆ 44,100 ಅಂಕೆಗಳುಂಟು. ಕೆಲವು ಶ್ರುತಿಪೆಟ್ಟಿಗೆಗಳು ನಿಜವಾದ ತಂಬೂರಿಯ ಧ್ವನಿಯನ್ನು ಅಳೆದು ಇಟ್ಟುಕೊಂಡು ಒಪ್ಪಿಸುತ್ತವೆ. ಇನ್ನು ಕೆಲವು ಯಂತ್ರಗಳು ಯಾವ ವಾದ್ಯವನ್ನೂ ಆಶ್ರಯಿಸದೆ, ಬೇಕಾದ ಅಂಕೆಗಳನ್ನು ತಾವೇ ಲೆಕ್ಕ ಹಾಕಿ ಹುಟ್ಟಿಸುತ್ತವೆ. ಇಂಥವಕ್ಕೆ ಸಿಂಥಸೈಜರ್ ಎಂದು ಹೆಸರು.

ಕೇಳಿದ್ದನ್ನು ಕಂಡಲ್ಲದೆ ಮಕ್ಕಳು ನಂಬರು. ಎಂಜಿನಿಯರರು ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಪಾಟಿಯ ಮೇಲೆ ಮನಸ್ಸಿಗೆ ಬಂದ ಒಂದೊಂದು ಅಂಕೆಯನ್ನು ಬರೆಯಿಸಿದರು. ಸಾಲಿನ ಮುಂದಿರುವವನು ತನ್ನ ಅಂಕೆಯನ್ನು ಗಟ್ಟಿಯಾಗಿ ಓದಬೇಕು; ತನ್ನ ಅಂಕೆಗೂ ಹಿಂದಿನವನ ಅಂಕೆಗೂ ಸರಾಸರಿ ತೆಗೆದು, ಅದನ್ನು ಪಾಟಿಯಲ್ಲಿ ಬರೆದುಕೊಂಡು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಆಟ ಸುತ್ತಿತು. ಮೊದಲ ಸುತ್ತಿನಲ್ಲಿ ಅಂಕೆಗಳು ಎತ್ತೆತ್ತಲೋ ನೆಗೆಯುತ್ತಿದ್ದವು. ಐದಾರು ಸುತ್ತು ಕಳೆಯುವಷ್ಟರಲ್ಲಿ ಒರಟು ನೆಗೆತಗಳು ಕರಗಿ, ನಯವಾದ ಒಂದು ಏರಿಳಿತ ಉಳಿಯಿತು. "ಇದೇ ತಂತಿ" ಎಂದರು ಅವರು. ಸಾಲು ಒಂದು ಸುತ್ತು ಬರುವ ಕಾಲವೇ ಸ್ವರ. ಸಾಲು ಚಿಕ್ಕದಾದರೆ ಸ್ವರ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಮೊದಲಿನ ಅಡ್ಡಾದಿಡ್ಡಿ ಅಂಕೆಗಳೇ ಮೀಟು. ಸರಾಸರಿಯಿಂದ ಒರಟು ಸವೆಯುವುದೇ ಮೀಟಿದ ತಂತಿಯ ನಾದ ಮೆತ್ತಗಾಗುತ್ತ ಅಡಗುವ ಬಗೆ. ಅಮೆರಿಕದ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಎಂಬಿಬ್ಬರು ಈ ಸರಳೋಪಾಯವನ್ನು 1983ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 44,100 ಅಂಕೆಗಳು ಹೊರಡುವಲ್ಲಿ ಸಾಲಿನಲ್ಲಿ ನೂರು ಅಂಕೆಗಳಿದ್ದರೆ ಸೆಕೆಂಡಿಗೆ ಸುಮಾರು 440 ಕಂಪನಗಳ ಸ್ವರ ಹೊರಡುತ್ತದೆ.

"ಲೆಕ್ಕ ಇಷ್ಟು ಸಣ್ಣದಿದ್ದರೆ, ಅದಕ್ಕೆ ಬೇರೆ ಯಂತ್ರವೇಕೆ?" ಎಂದು ಗುರುಗಳು ಕೇಳಿದರು. ವಿಷಯದ ಮರ್ಮವಿರುವುದು ಇಲ್ಲಿಯೇ. ಲೆಕ್ಕ ಸಣ್ಣದಾದರೂ ಅವಧಿ ಅದಕ್ಕಿಂತಲೂ ಸಣ್ಣದು. ಒಂದಂಕೆಗೂ ಮುಂದಿನ ಅಂಕೆಗೂ ನಡುವೆ ಇರುವ ಬಿಡುವು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಇಪ್ಪತ್ತಮೂರು ಭಾಗ ಮಾತ್ರ. ಅಷ್ಟರೊಳಗೆ ಅಂಕೆ ಸಿದ್ಧವಾಗದಿದ್ದರೆ ನಾದದಲ್ಲಿ ಬಿರುಕು ಕೇಳಿಸುತ್ತದೆ. ಸಾಮಾನ್ಯ ಕಂಪ್ಯೂಟರ್ ಮಠದ ಕಾರಭಾರಿಯಂತೆ. ಪತ್ರ ಬರೆಯಬೇಕು, ಬಂದವರನ್ನು ಮಾತಾಡಿಸಬೇಕು, ಉಗ್ರಾಣವನ್ನೂ ನೋಡಬೇಕು. ಒಂದು ಕೆಲಸ ಗಳಿಗೆ ತಡವಾದರೆ ಹಾನಿಯಿಲ್ಲ. ಕಛೇರಿಯಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವವನಿಗಾದರೋ ಇರುವುದು ಒಂದೇ ಕೆಲಸ. ಆ ಒಂದರಲ್ಲಿ ಅವನು ಎಂದಿಗೂ ತಪ್ಪುವಂತಿಲ್ಲ. ಧ್ವನಿಗಾಗಿಯೇ ಮೀಸಲಾದ ಸಂಸ್ಕಾರಕವು ಈ ಬಗೆಯದು. 1980ರ ದಶಕದ ಉತ್ತರಾರ್ಧದಲ್ಲಿ ಬಂದ ಮೋಟೊರೋಲಾ 56000 ಎಂಬ ಚಿಪ್ಪು ಇದಕ್ಕೆ ನಿದರ್ಶನ. ಗುಣಿಸುವುದು, ಗುಣಲಬ್ಧವನ್ನು ಮೊತ್ತಕ್ಕೆ ಸೇರಿಸುವುದು, ಮುಂದಿನ ಎರಡು ಅಂಕೆಗಳನ್ನು ಎರಡು ಬೇರೆ ಬೇರೆ ಸ್ಮರಣಕೋಶಗಳಿಂದ ತಂದಿಟ್ಟುಕೊಳ್ಳುವುದು, ಇಷ್ಟನ್ನೂ ಅದು ಒಂದೇ ಆಜ್ಞೆಯಲ್ಲಿ ಮಾಡುತ್ತಿತ್ತು. ಅಷ್ಟಾವಧಾನಿಯನ್ನು ಕಂಡವರಿಗೆ ಇದರ ಬೆಡಗು ತಿಳಿದೀತು. ಈ ಚಿಪ್ಪಿನ ವಂಶದ ಆಧಾರದಿಂದಲೇ ಮುಂದೆ ನಾರ್ಡ್ ಮಾಡ್ಯುಲರ್, ಆ್ಯಕ್ಸೆಸ್ ವೈರಸ್ ಮೊದಲಾದ ಸಿಂಥಸೈಜರುಗಳು ಹುಟ್ಟಿದವು. ಹೊರಗೆ ವಾದ್ಯ, ಒಳಗೆ ತಂತ್ರಾಂಶ. ಆ ತಂತ್ರಾಂಶಕ್ಕೆಂದೇ ಒಂದು ಚಿಪ್ಪು.

ಈ ವಿದ್ಯೆಯ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ವಿಜ್ಞಾನಿಯು ಐಬಿಎಂ 704 ಎಂಬ ಮಹಾಗಣಕದ ಮೇಲೆ ಲೆಕ್ಕದಿಂದಲೇ ಸಂಗೀತ ನುಡಿಸಿದನು. ಆ ಮೊದಲ ಕೃತಿಯ ಅವಧಿ 17 ಸೆಕೆಂಡು. ಗಣಕವಿದ್ದದ್ದು ನ್ಯೂಯಾರ್ಕಿನಲ್ಲಿ, ಅಂಕೆಗಳನ್ನು ನಾದವಾಗಿ ಮಾಡುವ ಯಂತ್ರ ನ್ಯೂಜೆರ್ಸಿಯಲ್ಲಿ. ಅಂಕೆ ತುಂಬಿದ ಟೇಪನ್ನು ಹೊತ್ತು ತಂದ ಮೇಲೆಯೇ ಕಿವಿಗೆ ನಾದ. ಹಾಡುವುದು ಇಂದು, ಕೇಳುವುದು ನಾಳೆ ಎಂಬಂಥ ಸ್ಥಿತಿ ಅದು.

ಮ್ಯಾಥ್ಯೂಸನ ಲೇಖನವನ್ನು ಓದಿ ಬೆರಗಾದವರಲ್ಲಿ ಜಾನ್ ಚೌನಿಂಗ್ ಒಬ್ಬನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತ ಕಲಿಯುತ್ತಿದ್ದ ತಾಳವಾದ್ಯಗಾರನಾತ, ಗಣಕದ ಗಂಧವಿರಲಿಲ್ಲ. 1964ರಲ್ಲಿ ಬೆಲ್ ಪ್ರಯೋಗಾಲಯಕ್ಕೆ ಹೋಗಿ, ತಂತ್ರಾಂಶವಿದ್ದ ರಂಧ್ರಪತ್ರಗಳ ಕಟ್ಟನ್ನು ತಂದನು. ಟ್ಯೂಬಾ ಎಂಬ ವಾದ್ಯವನ್ನು ನುಡಿಸುತ್ತಿದ್ದ ಕಿರಿಯ ವಿದ್ಯಾರ್ಥಿಯೊಬ್ಬನಿಂದ ಗಣಕವಿದ್ಯೆಯ ಓನಾಮವನ್ನು ಕಲಿತನು. 1967ರಲ್ಲಿ ಅವನ ಕಿವಿಗೆ ಒಂದು ಅಪೂರ್ವ ಸಂಗತಿ ಬಿದ್ದಿತು. ಸ್ವರವನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಅದು ಕಂಪಿತ ಗಮಕ. ಆ ಅಲುಗಾಟವನ್ನು ಸೆಕೆಂಡಿಗೆ ನೂರಾರು ಸಲಕ್ಕೆ ಏರಿಸಿದರೆ ಗಮಕವು ಮಾಯವಾಗಿ, ಗಂಟೆಯದೋ ಕಹಳೆಯದೋ ಎನ್ನುವಂಥ ಹೊಸ ನಾದಗುಣವೇ ಮೂಡುತ್ತದೆ. 1973ರಲ್ಲಿ ಇದನ್ನವನು ಪ್ರಕಟಿಸಿದನು. ಜಪಾನಿನ ಯಮಾಹಾ ಸಂಸ್ಥೆಯು ಈ ಲೆಕ್ಕವನ್ನು ವಿಶೇಷ ಚಿಪ್ಪುಗಳಲ್ಲಿ ಕೆತ್ತಿಸಿ 1983ರಲ್ಲಿ ಡಿಎಕ್ಸ್7 ಎಂಬ ವಾದ್ಯವನ್ನು ಹೊರತಂದಿತು. ಏಕಕಾಲಕ್ಕೆ ಹದಿನಾರು ಸ್ವರ, ಒಂದೊಂದಕ್ಕೂ ಆರಾರು ಅಲೆ. ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಯಂತ್ರವದು.

ಚೌನಿಂಗ್ ಮತ್ತು ಅವನ ಸಂಗಡಿಗರು 1975ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಒಂದು ಸಂಗೀತ ಗಣಕಕೇಂದ್ರವನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವರು ಉಚ್ಚರಿಸುವುದು 'ಕರ್ಮ' ಎಂದು. ಇದನ್ನು ಕೇಳಿ ಗುರುಗಳು ಮುಗುಳ್ನಕ್ಕು, "ನಮ್ಮವರು ಕಟ್ಟಿದ್ದರೆ ಕಾಯಕ ಅಂತ ಹೆಸರಿಡುತ್ತಿದ್ದರು" ಎಂದರು. ಆ ಕೇಂದ್ರಕ್ಕೆ 1977ರಲ್ಲಿ ಪೀಟರ್ ಸ್ಯಾಮ್ಸನ್ ಎಂಬಾತನು ರಚಿಸಿದ ಯಂತ್ರವೊಂದು ಬಂದಿತು. ಹಸುರು ಬಣ್ಣದ ಶೀತಕಪೆಟ್ಟಿಗೆಯಷ್ಟು ಗಾತ್ರ. 256 ನಾದಜನಕಗಳು, ಅವನ್ನು ತಿದ್ದುವ 128 ಅಂಗಗಳು. ಸಾಮಾನ್ಯ ಗಣಕಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಲೆಕ್ಕವನ್ನು ಅದು ಎದುರಿಗೇ ನುಡಿಸುತ್ತಿತ್ತು. ಹತ್ತು ವರ್ಷಕ್ಕೂ ಮೀರಿ ಬಹುಮಂದಿ ವಾಗ್ಗೇಯಕಾರರು ಅದರ ಮೇಲೆ ಕೃತಿ ರಚಿಸಿದರು. ಪ್ಯಾರಿಸಿನಲ್ಲಿ ಪಿಯರ್ ಬೂಲೆಜ್ ಸ್ಥಾಪಿಸಿದ ಇರ್ಕಾಂ ಸಂಸ್ಥೆಯಲ್ಲಿ ಜ್ಯುಸೆಪ್ಪೆ ದಿ ಜ್ಯೂನ್ಯೊ ಎಂಬ ಇಟಲಿಯ ವಿಜ್ಞಾನಿಯು 4ಎಕ್ಸ್ ಎಂಬ ಯಂತ್ರವನ್ನು ರಚಿಸಿದನು. 1981ರಲ್ಲಿ ಮೊದಲು ಪ್ರಯೋಗಗೊಂಡ ಬೂಲೆಜನ 'ರೆಪಾನ್' ಎಂಬ ಕೃತಿಯು ಆ ಯಂತ್ರದ ಹೆಸರಿನೊಡನೆ ಬೆಸೆದುಕೊಂಡಿತು.

ಇಲ್ಲಿಯವರೆಗೆ ಉತ್ಸಾಹದಿಂದ ಹೇಳುತ್ತಿದ್ದ ಎಂಜಿನಿಯರರ ಧ್ವನಿ ಇಳಿಯಿತು. ಈ ಮಹಾಯಂತ್ರಗಳು ಈಗ ನುಡಿಯುವುದಿಲ್ಲ. ಬಿಡಿಭಾಗಗಳು ಸವೆದವು, ಅವುಗಳನ್ನು ಮಾಡುವವರು ಇಲ್ಲವಾದರು, ಹೊಸ ಗಣಕಗಳು ಬಂದವು, ಹಳೆಯವು ಕತ್ತಲೆಯ ಕೋಣೆ ಸೇರಿದವು. ಮರದ ತಂಬೂರಿ ಒಡೆದರೆ ಬಡಗಿ ಇನ್ನೊಂದನ್ನು ಮಾಡಿಯಾನು. ಈ ಯಂತ್ರಗಳು ಬೆರಳೆಣಿಕೆಯಷ್ಟು ಮಾತ್ರ ಹುಟ್ಟಿದವು; ಅವಕ್ಕೆಂದೇ ಬರೆದ ಆಜ್ಞೆಗಳನ್ನು ಬೇರೆ ಯಂತ್ರಗಳು ಅರಿಯವು. 'ರೆಪಾನ್' ಉಳಿಯಬೇಕಾದರೆ ಅದರ ಯಂತ್ರಭಾಗವನ್ನು ಹೊಸ ಹೊಸ ಗಣಕಗಳಿಗೆ ಮತ್ತೆ ಬರೆಯಬೇಕಾಯಿತು. ಹಾಗೆ ಬರೆಯುವವರು ದೊರೆಯದ ಕೃತಿಗಳು ಧ್ವನಿಮುದ್ರಣದಲ್ಲಷ್ಟೇ ಉಳಿದವು. ಮುದ್ರಣದಲ್ಲಿ ಉಳಿದದ್ದನ್ನು ಕೇಳಬಹುದು, ನುಡಿಸಲಾಗದು.

ಆಮೇಲೆ ಅವರು ತಮ್ಮ ಕಥೆಯನ್ನೂ ಹೇಳಿದರು. ಹಿಂದೆ ಅವರು ಕೆಲಸಕ್ಕಿದ್ದ ಸಂಸ್ಥೆಯೊಂದರಲ್ಲಿ ಆರು ವರ್ಷ ಹಗಲಿರುಳು ದುಡಿದು, ಮೀಸಲು ಚಿಪ್ಪಿನ ಮೇಲೆ ನಡೆಯುವ ಒಂದು ವಾದ್ಯವನ್ನು ಸಿದ್ಧಪಡಿಸಿದ್ದರು. ಸಾರಂಗಿಯ ಕಮಾನಿನ ಒತ್ತಡಕ್ಕೆ ಓಗೊಡುವಂತೆ ಅದರ ಧ್ವನಿಯನ್ನು ಹದಗೊಳಿಸುವುದಕ್ಕೇ ಎರಡು ವರ್ಷ ಹಿಡಿದಿತ್ತು. ವೇಗ ಸಾಲದೆಂದು ಪ್ರತಿಯೊಂದು ಆಜ್ಞೆಯನ್ನೂ ಆ ಚಿಪ್ಪಿನ ಸ್ವಂತ ಭಾಷೆಯಲ್ಲಿ ಬರೆದರು. ಏಕೆ ಹೀಗೆ ಬರೆದೆವೆಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ. ಚಿಪ್ಪಿನ ತಯಾರಿಕೆ ನಿಂತಿತು, ವಾದ್ಯವೂ ನಿಂತಿತು, ಸಂಸ್ಥೆಯು ಬಾಗಿಲು ಹಾಕಿತು. ಹಲವು ವರ್ಷಗಳ ಮೇಲೆ ಹಳೆಯ ಕಡತಗಳನ್ನು ತೆರೆದಾಗ, ತಾವೇ ಬರೆದ ಸಾಲುಗಳು ತಮಗೇ ಅರ್ಥವಾಗಲಿಲ್ಲ. "ಆರು ವರ್ಷದ ಕಾಯಕ, ಗುರುಗಳೆ. ಕೈಯಲ್ಲಿ ಕಡತವಿದೆ, ವಿದ್ಯೆಯಿಲ್ಲ" ಎಂದು ಹೇಳುವಾಗ ಅವರು ತಲೆ ತಗ್ಗಿಸಿದ್ದರು.

ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಉಳಿದದ್ದು ಒಂದಾದರೂ ಇದೆಯೋ ಇಲ್ಲವೋ?" ಎಂದು ಕೇಳಿದರು.

ಇದ್ದವು. ಚೌನಿಂಗನು 1977ರಲ್ಲಿ 'ಸ್ಟ್ರಿಯಾ' ಎಂಬ ಕೃತಿಯನ್ನು ರಚಿಸಿದ್ದನು. ಅದು ಯಾವ ಯಂತ್ರದ ತಂತಿಗಂಟುಗಳಲ್ಲಿಯೂ ಸಿಕ್ಕಿಕೊಂಡಿರಲಿಲ್ಲ. ಸ್ವರಗಳ ಅಂತರ, ಕಾಲದ ಹಂಚಿಕೆ, ನಾದದ ಗುಣ ಎಲ್ಲವೂ ಒಂದೇ ಅನುಪಾತದಿಂದ ಹೊರಡುವಂತೆ ನಿಯಮರೂಪದಲ್ಲಿತ್ತು. ಮೂವತ್ತು ವರ್ಷಗಳ ಮೇಲೆ, ಮೂಲ ಗಣಕವು ಕಣ್ಮರೆಯಾದ ಬಳಿಕ, ಉಳಿದ ಬರಹಗಳನ್ನು ಹೊಂದಿಸಿಕೊಂಡು ವಿದ್ವಾಂಸರು ಅದನ್ನು ಮತ್ತೆ ಕಟ್ಟಿದರು. 2007ರಲ್ಲಿ ಅದರ ವಿವರಗಳು ಪ್ರಕಟವಾದವು. ತಾಳೆಗರಿಗಳನ್ನು ಶೋಧಿಸಿ ಪಾಠ ನಿರ್ಣಯಿಸುವವರ ಶ್ರಮವೇ ಅದು. ಇನ್ನೊಂದು ನಿದರ್ಶನ ಕಾರ್ಲಾ ಸ್ಕಲೆಟ್ಟಿ ಎಂಬ ವಿದುಷಿಯದು. ಆಕೆ 1986ರಲ್ಲಿ 'ಕೈಮಾ' ಎಂಬ ನಾದಭಾಷೆಯನ್ನು ರಚಿಸಿದಳು. ಗ್ರೀಕಿನಲ್ಲಿ ಆ ಪದಕ್ಕೆ ಅಲೆ ಎಂದರ್ಥ. ಆ ಭಾಷೆಯಲ್ಲಿ ವರ್ಣಿಸುವುದು ನಾದವನ್ನು, ಚಿಪ್ಪನ್ನಲ್ಲ. ಆದಕಾರಣ ಮೀಸಲು ಯಂತ್ರಗಳು ಪ್ಲಾಟಿಪಸ್, ಕ್ಯಾಪಿಬಾರಾ, ಪಾಕರಾನಾ, ಪಾಕಮಾರಾ ಎಂದು ಪೀಳಿಗೆ ಪೀಳಿಗೆಗೆ ಬದಲಾದರೂ ಭಾಷೆಯು ಒಂದು ಕಾಯವನ್ನು ಬಿಟ್ಟು ಇನ್ನೊಂದನ್ನು ಸೇರುತ್ತ ಬಂದಿದೆ. ಇದಲ್ಲದೆ, 56000ದ ವಂಶದ 56300 ಎಂಬ ಚಿಪ್ಪಿನ ನಡೆಯನ್ನೇ ಆಜ್ಞೆಗೊಂದು ಆಜ್ಞೆಯಾಗಿ ಅನುಕರಿಸುವ ತಂತ್ರಾಂಶವನ್ನು ಕೆಲವರು ಉತ್ಸಾಹಿಗಳು 2021ರಿಂದೀಚೆಗೆ ಸಿದ್ಧಪಡಿಸಿ, ವೈರಸ್ ಸಿಂಥಸೈಜರಿನ ನಾದವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಎಬ್ಬಿಸಿದ್ದಾರೆ. ಚಿಪ್ಪಿನ ಆಜ್ಞೆಗಳ ಅರ್ಥವನ್ನು ವಿವರಿಸುವ ಕೈಪಿಡಿಗಳು ಅಚ್ಚಾಗಿ ಉಳಿದದ್ದರಿಂದ ಇದು ಸಾಧ್ಯವಾಯಿತು.

ಸ್ಥಾವರ, ಜಂಗಮ ಎಂಬ ಮಾತುಗಳಿಗೆ ಶರಣರು ಕೊಟ್ಟ ಅರ್ಥವನ್ನು ಈ ಸಂಚಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಚಿಪ್ಪು ಸ್ಥಾವರ, ಲೆಕ್ಕ ಜಂಗಮ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಅರ್ಧ ಮಾತು ಮಾತ್ರ ಹೇಳಿದಂತಾಗುವುದು. ಕಾಯವಿಲ್ಲದ ಲೆಕ್ಕವು ಕಾಗದದ ಮೇಲಿನ ಮೌನ. ಮೀಸಲು ಯಂತ್ರದ ನಿಷ್ಠೆಯಿಲ್ಲದಿದ್ದರೆ ಆ ಕಾಲದ ನಾದಗಳು ಕಿವಿಗೆ ಬೀಳುತ್ತಲೇ ಇರಲಿಲ್ಲ. ತಪ್ಪಿದ್ದು ಕಾಯವನ್ನು ನೆಚ್ಚಿದ್ದರಲ್ಲಿ ಅಲ್ಲ, ಕಾಯ ಬದಲಾಗುವ ದಿನಕ್ಕಾಗಿ ವಿದ್ಯೆಯನ್ನು ಸಿದ್ಧಗೊಳಿಸದೆ ಇದ್ದುದರಲ್ಲಿ.

ಗುರುಗಳಿಗೆ ಇದು ಹೊಸ ತತ್ತ್ವವಲ್ಲ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಅವರ ವಿದ್ಯೆ ಪುಟ್ಟರಾಜ ಗವಾಯಿಗಳಲ್ಲಿ ನಡೆಯಿತು. 2010ರಲ್ಲಿ ಪುಟ್ಟರಾಜರೂ ಲಿಂಗೈಕ್ಯರಾದರು. ಅವರ ವಿದ್ಯೆಯು ನಾಡಿನ ಊರೂರುಗಳಲ್ಲಿ ಶಿಷ್ಯರ ಕಂಠದಲ್ಲಿದೆ. ಕಣ್ಣಿಲ್ಲದ ಗುರುಗಳು ಕಣ್ಣಿಲ್ಲದ ಮಕ್ಕಳಿಗೆ ಕಲಿಸಿ ನಿಲ್ಲಿಸಿದ ಪರಂಪರೆಯದು. ಅಂಥ ಮನೆಯಿಂದ ಬಂದ ತಾವು, ಪೆಟ್ಟಿಗೆ ಬಂದ ಈ ಹನ್ನೆರಡು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಗಾದರೂ ತಂಬೂರಿಯ ತಂತಿ ಕೂಡಿಸುವುದನ್ನು ಕಲಿಸಿದೆವೇ? ಕುದುರೆಯ ಮೇಲೆ ತಂತಿಯ ಅಡಿಗೆ ದಾರವನ್ನು ಎಳ್ಳುಕಾಳಿನಷ್ಟು ಸರಿಸಿ ಜವಾರಿ ಹಿಡಿಯುವ ಹದವು ತಮ್ಮ ಬೆರಳಲ್ಲಿ ಮಾತ್ರವಿದೆ, ಬೆರಳಾದರೋ ಬಾಗುವುದಿಲ್ಲ. ಶಿಷ್ಯನು ತಲೆ ತಗ್ಗಿಸಿದ್ದ ಕಡತದ ತಪ್ಪಿಗೂ ತಮ್ಮ ಈ ತಪ್ಪಿಗೂ ಭೇದವೇನು? ಗುರುಗಳು ಇದನ್ನು ಎಲ್ಲರ ಎದುರಿಗೇ ಆಡಿದರು, ಮುಚ್ಚಿಡಲಿಲ್ಲ.

ಬಾಲಕನು ಎದ್ದು ಹೋಗಿ ಮೂಲೆಯ ತಂಬೂರಿಯ ಗವಸಣಿಗೆಯನ್ನು ತೆಗೆದನು. ಒಂದು ತಂತಿ ಹರಿದಿತ್ತು. ಉಳಿದ ಮೂರು ಸಡಿಲಾಗಿದ್ದವು. ಗುರುಗಳು ಬೆರಳು ಹಚ್ಚಲಿಲ್ಲ. ಬಾಯಿಮಾತಿನಲ್ಲೇ ಬಿರಡೆ ತಿರುಗಿಸುವ ಕ್ರಮ ಹೇಳಿದರು, ಬಾಲಕನು ತಿರುಗಿಸಿದನು. ದಾರವನ್ನು ಸರಿಸಲು ಹೇಳಿದರು, ಅವನು ಹೆಚ್ಚು ಸರಿಸಿ ನಾದವು ಸತ್ತಿತು, ಮತ್ತೆ ಸರಿಸಿದನು. ಹೀಗೆ ಇಪ್ಪತ್ತು ಸಲವಾದ ಮೇಲೆ ಒಂದು ತಂತಿಯು ಜೇನಿನಂತೆ ಗುಂಯ್‌ಗುಟ್ಟಿತು. ಶಾಲೆಯ ಗೋಡೆಗೆ ಒರಗಿ ನಿಂತಿದ್ದ ಎಂಜಿನಿಯರರು ಜೇಬಿನಿಂದ ಪುಸ್ತಕ ತೆಗೆದು, ಗುರುಗಳು ಹೇಳಿದ್ದನ್ನು ಕನ್ನಡದಲ್ಲಿ ಒಂದೊಂದಾಗಿ ಬರೆದುಕೊಳ್ಳುತ್ತಿದ್ದರು.

ಅಂದಿನಿಂದ ಪ್ರತಿ ಸೋಮವಾರ ಪ್ರಾರ್ಥನೆಗೆ ಮರದ ತಂಬೂರಿ, ಉಳಿದ ದಿನ ಪೆಟ್ಟಿಗೆ. ತಂಬೂರಿ ಕೂಡಿಸಬಲ್ಲ ವಿದ್ಯಾರ್ಥಿಗಳು ಈಗ ನಾಲ್ವರು. ಎಂಜಿನಿಯರರು ತಮ್ಮ ಹಳೆಯ ವಾದ್ಯದ ಲೆಕ್ಕಗಳನ್ನು ನೆನಪಿನಿಂದ ಹೆಕ್ಕಿ, ಯಾವ ಚಿಪ್ಪಿಗೂ ಕಟ್ಟುಬೀಳದ ಸರಳ ಗಣಿತದಲ್ಲಿ ಬರೆಯತೊಡಗಿದ್ದಾರೆ. ಸಿದ್ಧವಾದ ಹಾಳೆಗಳು ಒಂದೊಂದಾಗಿ ಶಾಲೆಯ ಗ್ರಂಥಾಲಯವನ್ನು ಸೇರುತ್ತಿವೆ. ಸಾರಂಗಿಯ ಅಧ್ಯಾಯ ಇನ್ನೂ ಬಂದಿಲ್ಲ. ಕಾರ್ಪ್ಲಸ್ ಮತ್ತು ಸ್ಟ್ರಾಂಗರ ಹತ್ತು ಪಾಟಿಗಳ ಆಟವನ್ನು ಮಾತ್ರ ಮಕ್ಕಳು ಬಿಡುವಿನ ವೇಳೆಯಲ್ಲಿ ತಾವಾಗಿಯೇ ಆಡುತ್ತಾರೆ. ಹೊಸದಾಗಿ ಶಾಲೆ ಸೇರಿದವರಿಗೆ ಹಳಬರು ಕಲಿಸುತ್ತಾರೆ.